ಓಡುವುದು ಯಾರು ಅಂತ ಮೊದಲು ನೋಡು

ಶಿವಮೊಗ್ಗ

ಪ್ರೀತಿಯ ತಂಗಿ,

ನಿನ್ನ ಅನುವಾದದ ಮೊದಲ ಅಧ್ಯಾಯ ಓದಿದೆ. ಕಥೆಯ ಓಘ ಚೆನ್ನಾಗಿ ಬಂದಿದೆ. ಆದರೆ ಇಂಗ್ಲಿಷಿನ ‘ರನ್’ ಸಿಕ್ಕಲ್ಲೆಲ್ಲ ‘ಓಡು’ ಅಂತ ಬರೆದಿದ್ದೀಯ. ಹೊಳೆ ಓಡಿದೆ, ರಸ್ತೆ ಓಡಿದೆ, ಮೂಗೂ ಓಡಿದೆ.

ಅದು ನೋಡಲು ಸಣ್ಣ ಪದ. ಆಕ್ಸ್‌ಫರ್ಡ್ ನಿಘಂಟಿನ ಪೀಟರ್ ಗಿಲಿವರ್ ತಿಂಗಳುಗಟ್ಟಲೆ ಕೂತು ಆ ಒಂದು ಕ್ರಿಯಾಪದಕ್ಕೇ 645 ಅರ್ಥ ಗುರುತಿಸಿದರು. ಅಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ಓಡುತ್ತಿರುವುದು ಯಾರು, ಏನು ಅಂತ ನೋಡು. ಕನ್ನಡದ ಮಾತು ತಾನಾಗಿ ಬರುತ್ತದೆ. ತುಂಗೆ ಹರಿಯುತ್ತಾಳೆ. ನೆಗಡಿಯಾದರೆ ಮೂಗು ಸೋರುತ್ತದೆ. ಹೊಸ ಸೀರೆ ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ. ಆಗುಂಬೆಯಿಂದ 14 ತಿರುವು ದಾಟಿ ರಸ್ತೆ ಸೋಮೇಶ್ವರಕ್ಕೆ ಇಳಿಯುತ್ತದೆ. ಸೋಮೇಶ್ವರದವರಿಗೆ ಅದೇ ರಸ್ತೆ ಹತ್ತುತ್ತದೆ. ಕಥೆ ಹೇಳುವವರು ಎಲ್ಲಿ ನಿಂತಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಚುನಾವಣೆಗೆ ‘ಓಡಿದ’ ಅಂತ ಬರೆದ ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಮೆರಿಕದ ಇಂಗ್ಲಿಷಿನಲ್ಲಿ ಚುನಾವಣೆಗೆ ಓಡುತ್ತಾರೆ. ಬ್ರಿಟನ್ನಿನಲ್ಲಿ ನಿಲ್ಲುತ್ತಾರೆ. ನಮ್ಮಲ್ಲೂ ಪಂಚಾಯ್ತಿಯಿಂದ ವಿಧಾನಸಭೆವರೆಗೆ ಎಲ್ಲರೂ ನಿಲ್ಲುವವರೇ. ಒಂದೇ ಭಾಷೆ ಆಡುವವರ ನಡುವೆಯೇ ಇಷ್ಟು ದೂರ ಇದೆ. ಇನ್ನು ನಾವು ಪದಕ್ಕೆ ಪದ ಜೋಡಿಸುತ್ತಾ ಹೋದರೆ ಹೇಗೆ?

ಇದೇ ಗಮನ ನಮ್ಮ ಮಾತಿಗೂ ಬೇಕು. ಕೊಳೆರೋಗ ಬಾರದಿರಲಿ ಅಂತ ಮೈಲುತುತ್ತ, ಸುಣ್ಣ ಕಲಸಿ ಅಡಿಕೆಗೆ ಔಷಧಿ ಹೊಡೆಯುತ್ತಾರೆ. ಗೋಡೆಗೆ ಬಣ್ಣ ಹೊಡೆಯುತ್ತಾರೆ. ಜಗಲಿಯಲ್ಲಿ ಕೂತು ಹರಟೆ ಹೊಡೆಯುತ್ತಾರೆ. ಹೋದ ಸಲ ಕಳಿಸಿದ ನಿನ್ನ ಸ್ವಂತ ಕಥೆಯಲ್ಲಿ ಆಳು ಮರ ಹತ್ತಿ ‘ಔಷಧಿ ಸಿಂಪಡಿಸಿದ’. ಅದು ಕರಪತ್ರದ ಮಾತು. ನಿಮ್ಮ ತೋಟದಲ್ಲಿ ಯಾರೂ ಹಾಗೆ ಅನ್ನುವುದಿಲ್ಲ ಅಲ್ವಾ? ಅವರಾಡುವ ಮಾತನ್ನೇ ಬರೆ. ನಿನಗೆ ಹುಟ್ಟಿನಿಂದ ಸಿಕ್ಕ ಕನ್ನಡ ಅದು. ಸುಮ್ನೆ ಯಾಕೆ ಬಿಟ್ಟುಕೊಡುತ್ತೀಯ?

ಜ್ವರದ ಸಾಲನ್ನು ಮಾತ್ರ ಮೊದಲು ತಿದ್ದು. ‘ಮಗು ಜ್ವರ ಓಡಿಸುತ್ತಿತ್ತು’ ಅಂದರೆ ಓದುವವರು ಜ್ವರ ಬಿಡ್ತು ಅಂದುಕೊಳ್ಳುತ್ತಾರೆ. ಮೂಲದಲ್ಲಿ ಮಗುವಿಗೆ ಜ್ವರ ಬಂದಿದೆ. ಮುಂದಿನ ಪುಟದಲ್ಲಿ ತಾಯಿ ಯಾಕೆ ಅಳುತ್ತಾಳೆ ಅಂತ ಯಾರಿಗೂ ತಿಳಿಯುವುದಿಲ್ಲ. ಅದನ್ನು ಸರಿಮಾಡಿ ಎರಡನೇ ಅಧ್ಯಾಯದ ಜೊತೆ ಕಳಿಸು. ಮಳೆಗೆ ಕರೆಂಟ್ ಹೋಗಿದ್ದರೆ ಕೈಬರಹದಲ್ಲೇ ಇರಲಿ, ಓದುತ್ತೇನೆ.

ನಿನ್ನ ಅಣ್ಣ