ಮುಟ್ಟಿ ನೋಡುವ ಕಲೆ ಊರಿಗೆಲ್ಲ ಸಿಗಲಿ

ಮಾನ್ಯ ಸಂಪಾದಕರೇ,

ಹೋದ ವಾರ ಧಾರವಾಡದಲ್ಲಿ ಒಂದು ಕಲಾ ಪ್ರದರ್ಶನಕ್ಕೆ ಹೋಗಿದ್ದೆ. ಸುಮ್ನೆ ನೋಡಿ ಬರಲಿಲ್ಲ. ಕೇಳಿದೆ, ಮೂಸಿದೆ, ಮುಟ್ಟಿದೆ. ಹಸಿ ಮಣ್ಣಿನ ಮೂರ್ತಿಗಳ ನಡುವೆ ಕಲಾವಿದೆ ಒಣಗಿದ ಜೋಳದ ದಂಟು ಸದ್ದು ಮಾಡುತ್ತಾ ನಡೆದರು. ಮೇಲಿನ ಮಡಕೆಯಿಂದ ನೀರು ತೊಟ್ಟಿಕ್ಕಿತು. ಎರೆಮಣ್ಣಿನ ವಾಸನೆ ಎದ್ದಾಗ ಪಕ್ಕದ ಅಜ್ಜಿ ‘ನಮ್ಮ ಹೊಲದ ವಾಸನಿ’ ಎಂದು ಕಣ್ಣೊರೆಸಿಕೊಂಡರು.

ಇದು ನಮಗೆ ಹೊಸದಲ್ಲ, ಅಲ್ವಾ? ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತೇವೆ. ಆಷಾಢದ ಮಂಗಳವಾರ ಹೆಣ್ಣುಮಕ್ಕಳು ಗುಳ್ಳವ್ವ ಎಂಬ ದೇವಿಯ ಮಣ್ಣಿನ ಮೂರ್ತಿ ಮಾಡಿ ಹಾಡುತ್ತಾರೆ. ಶಿಲ್ಪ, ದನಿ, ಮಣ್ಣು ಅಲ್ಲೇ ಕೂಡಿವೆ.

ಅಂದು ಬಂದವರು ಮೂವತ್ತು ಜನವೂ ಇರಲಿಲ್ಲ. ಬೇಜಾರಾಯಿತು. ಪಾಲಿಕೆಯವರು ಇಂಥ ಪ್ರದರ್ಶನಗಳಿಗೆ ಹುಬ್ಬಳ್ಳಿ-ಧಾರವಾಡದ ಉದ್ಯಾನಗಳಲ್ಲಿ ಜಾಗ ಕೊಡಲಿ. ಕಣ್ಣು ಕಾಣದ ಮಕ್ಕಳನ್ನು ಮೊದಲು ಕರೆಯಲಿ.

– ಓದುಗರೊಬ್ಬರು, ಧಾರವಾಡ