ಬ್ಲೆನಿಮ್ ಗಡಿಯಾರ ಗೋಪುರವೂ ಮೈಸೂರು ಅಶ್ವದಳವೂ

ಮಾನ್ಯ ಸಂಪಾದಕರೆ,

ಮೈಸೂರಿನ ದೊಡ್ಡ ಗಡಿಯಾರ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕಾಗಿ ಎದ್ದದ್ದು. ಚಿಕ್ಕ ಗಡಿಯಾರ ವೈಸ್‌ರಾಯ್ ಡಫರಿನ್ ಹೆಸರಿನದು. ಅರಸರಿಗಲ್ಲ, ಊರಿನ ಸಾಮಾನ್ಯ ಸೈನಿಕರಿಗಾಗಿ ಕಟ್ಟಿದ ಗಡಿಯಾರ ಗೋಪುರವೊಂದರ ವಿಚಾರವನ್ನು, ನಮಗೂ ಅದಕ್ಕೂ ಇರುವ ಸಂಬಂಧದ ಕಾರಣ, ಓದುಗರ ಮುಂದಿಡಲು ಬಯಸುತ್ತೇನೆ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಇಂದು ದ್ರಾಕ್ಷಿ ತೋಟಗಳಿಗೆ ಹೆಸರಾದ ಮಾರ್ಲ್‌ಬರೊ ಸೀಮೆಯ ಮುಖ್ಯ ಪಟ್ಟಣ ಬ್ಲೆನಿಮ್. ಊರಿನ ಹೆಸರೇ 1704ರಲ್ಲಿ ಬವೇರಿಯಾದಲ್ಲಿ ನಡೆದ ಯುದ್ಧದ್ದು. ಅಲ್ಲಿನ ಸೀಮೋರ್ ಚೌಕದಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ 1928ರಲ್ಲಿ, ಎಂದರೆ ಯುದ್ಧ ಮುಗಿದ ಹತ್ತು ವರ್ಷಗಳ ಮೇಲೆ, ಕಲ್ಲಿನ ಗಡಿಯಾರ ಗೋಪುರ ನಿಂತಿತು.

ಆಗ ಹತ್ತು ಲಕ್ಷದಷ್ಟೇ ಜನರಿದ್ದ ಆ ದೇಶದಿಂದ ಸುಮಾರು ಒಂದು ಲಕ್ಷ ಮಂದಿ ಸಮುದ್ರ ದಾಟಿ ಹೋದರು. ಸುಮಾರು 18,000 ಮಂದಿ ಹಿಂತಿರುಗಲಿಲ್ಲ. ಮಡಿದವರ ದೇಹಗಳನ್ನು ತವರಿಗೆ ತರಕೂಡದೆಂಬುದು ಬ್ರಿಟಿಷ್ ಸಾಮ್ರಾಜ್ಯದ ನಿಯಮವಾಗಿದ್ದರಿಂದ, ತುರ್ಕಿಯ ಗಲಿಪೊಲಿಯಲ್ಲೋ ಫ್ರಾನ್ಸಿನಲ್ಲೋ ಮಣ್ಣಾದ ಮಗನಿಗೆ ಹೂವಿಡಲು ತಾಯಿಗೆ ಇದ್ದ ಜಾಗ ಊರಿನ ಸ್ಮಾರಕದ ಮೆಟ್ಟಿಲು ಮಾತ್ರ. ಸ್ಮಾರಕವು ಶುದ್ಧ ಸ್ಮಾರಕವಾಗಿಯೇ ಇರಬೇಕೆಂಬುವರಿಗೂ ಅದರಿಂದ ಬದುಕಿರುವವರಿಗೆ ಉಪಯೋಗವಾಗಬೇಕೆಂಬುವರಿಗೂ ಆ ದೇಶದ ಊರೂರುಗಳಲ್ಲಿ ಚರ್ಚೆ ನಡೆದಿತ್ತು. ಗಡಿಯಾರ ಗೋಪುರ ಎರಡೂ ಪಕ್ಷದವರ ಮಾತನ್ನು ಉಳಿಸಿತೆಂದು ನನ್ನ ಭಾವನೆ: ಸಂತೆಗೆ ಬಂದವನೂ ಶಾಲೆಗೆ ಹೊರಟ ಮಗುವೂ ಹೊತ್ತು ನೋಡಲೆಂದು ಕತ್ತೆತ್ತಿದಾಗ ಕಾಣುವುದು ಸತ್ತವರ ಸ್ಮಾರಕವೇ.

ಇನ್ನು ನಮ್ಮ ಸಂಬಂಧ. ಪ್ಯಾಲೆಸ್ಟೈನಿನಲ್ಲಿ ಆನ್‌ಜಾಕ್ (ಆಸ್ಟ್ರೇಲಿಯ–ನ್ಯೂಜಿಲೆಂಡ್) ಅಶ್ವ ವಿಭಾಗದ ದಂಡನಾಯಕರಾಗಿದ್ದ ಎಡ್ವರ್ಡ್ ಚೇಟರ್ ಇದೇ ಮಾರ್ಲ್‌ಬರೊ ಸೀಮೆಯವರು. 1918ರ ಸೆಪ್ಟೆಂಬರಿನಲ್ಲಿ ಜೋರ್ಡಾನ್ ಕಣಿವೆಯಲ್ಲಿ ಅವರ ಕೈಕೆಳಗೆ ಪಟಿಯಾಲಾ, ಗ್ವಾಲಿಯರ್, ಆಳ್ವಾರ್ ಸಂಸ್ಥಾನಗಳ ಕಾಲಾಳುಗಳೂ ಇದ್ದರು. ಅದೇ ತಿಂಗಳ 23ರಂದು, ಆಸ್ಟ್ರೇಲಿಯದ ಹ್ಯಾರಿ ಶೋವೆಲ್ ಅವರ ಮರುಭೂಮಿ ಅಶ್ವಸೇನೆಗೆ ಸೇರಿದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳ, ಜೋಧಪುರದ ಸವಾರರೊಡನೆ, ತುರ್ಕರ ಕೈಯಲ್ಲಿದ್ದ, ಈಗ ಇಸ್ರೇಲಿಗೆ ಸೇರಿದ ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ಜೋಧಪುರದವರು ಪಟ್ಟಣದ ಮೇಲೆ ನೇರವಾಗಿ ನುಗ್ಗಲು ಅನುವಾಗುವಂತೆ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನೇರಿ ಅಲ್ಲಿನ ಫಿರಂಗಿಗಳ ಬಾಯಿ ಮುಚ್ಚಿಸಲು ಹೋಗಿತ್ತು. ಈಟಿ ಹಿಡಿದ ಸವಾರರು ಯಂತ್ರಬಂದೂಕುಗಳ ಎದುರು ಹೋದ ದಿನವದು.

ಈ ಕಾಳಗಗಳಲ್ಲಿ ಪ್ರಾಣ ಕೊಟ್ಟ ಮೈಸೂರು ಸವಾರರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ದೆಹಲಿಯ ತೀನ್ ಮೂರ್ತಿ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರು ಸೇರಿದಾಗ ನಮ್ಮಲ್ಲೂ ಕೆಲವು ದಿನ ಇದರ ಮಾತು ಕೇಳಿಬಂತು. ಆದರೆ ಜೆ.ಸಿ. ನಗರದ ಸ್ಮಾರಕದ ದಾರಿಯಲ್ಲಿ ದಿನವೂ ಓಡಾಡುವ ಎಷ್ಟೋ ಮಂದಿಗೆ ಅದು ಯಾರ ನೆನಪಿನ ಕಂಬವೆಂದು ತಿಳಿಯದಿರುವುದು ನನಗೆ ನೋವಿನ ಸಂಗತಿ. ಬ್ಲೆನಿಮ್‌ನಂಥ ಊರುಗಳಲ್ಲಿ ಪ್ರತಿ ಏಪ್ರಿಲ್ 25ರ, ಎಂದರೆ ಸೈನಿಕರು ಗಲಿಪೊಲಿಯಲ್ಲಿ ಇಳಿದ ದಿನದ, ನಸುಕಿನಲ್ಲಿ ಜನರೇ ಬಂದು ಸ್ಮಾರಕದ ಮುಂದೆ ನಿಲ್ಲುತ್ತಾರೆ. ಸೈನ್ಯದವರಿಗಷ್ಟೇ ಬಿಟ್ಟುಕೊಟ್ಟ ಕಾರ್ಯಕ್ರಮ ಅದಲ್ಲ.

ನಗರದ ಆಡಳಿತವು ಹೈಫಾ ಕಾಳಗದ ಕಥೆಯನ್ನು ದಾರಿಹೋಕರು ನಿಂತು ಓದಬಲ್ಲಷ್ಟು ದೊಡ್ಡ ಕನ್ನಡ ಅಕ್ಷರಗಳಲ್ಲಿ ಜೆ.ಸಿ. ನಗರದ ಸ್ಮಾರಕದ ಪಕ್ಕದಲ್ಲಿ ಹಾಕಿಸಲಿ. ಸುತ್ತಲಿನ ಶಾಲೆಗಳು ಬರುವ ಸೆಪ್ಟೆಂಬರ್ 23ರಂದು ಮಕ್ಕಳನ್ನು ಅಲ್ಲಿಗೆ ಕರೆತಂದು ಆ ಸವಾರರ ವಿಷಯ ಹೇಳಿಕೊಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬೆಂಗಳೂರು