ಉಳಿದ ಗೆಣಸಿಗೂ ಬೆಲೆ ಸಿಗಲಿ

ಮಾನ್ಯರೇ,

ಬೆಳಗಾವಿ ಸುತ್ತ ನಾವು ಮಳೆ ನಂಬಿ ಗೆಣಸು ಬೆಳೆಯುತ್ತೇವೆ. ಎಲ್ಲರೂ ಒಟ್ಟಿಗೇ ಕಿತ್ತು ಮಾರುಕಟ್ಟೆಗೆ ತಂದಾಗ ದರ ಬಿದ್ದುಹೋಗುತ್ತದೆ. ಸಣ್ಣ, ತುಂಡಾದ ಗೆಣಸನ್ನಂತೂ ಕೇಳುವವರೇ ಇಲ್ಲ. ಅದನ್ನು ಹೆಚ್ಚಿ ದನಕ್ಕೆ ಹಾಕಬಹುದು. ಬಳ್ಳಿಯನ್ನೂ ಸುಮ್ನೆ ಬದುವಿಗೆ ಎಸೆಯಬೇಡಿ. ಅದರ ಎಲೆಯಲ್ಲಿ ಪ್ರೋಟೀನ್ ಇದೆ, ಹಾಲು ಕೊಡುವ ಎಮ್ಮೆಗೆ ಒಳ್ಳೆಯ ಹಸಿ ಮೇವು. ಕೊಳೆತು ಕಪ್ಪಾದ ಗೆಣಸು ಮಾತ್ರ ಬೇಡವೇ ಬೇಡ. ಅದರ ವಿಷ ದನದ ಶ್ವಾಸಕೋಶವನ್ನೇ ಕೆಡಿಸುತ್ತದೆ.

ಅಂಥದ್ದು ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್ ತಯಾರಿಕೆಗೆ ಹೋಗಲಿ. 2018ರ ಜೈವಿಕ ಇಂಧನ ನೀತಿಯಲ್ಲಿ ಮರಗೆಣಸಿಗೆ, ಕೊಳೆತ ಆಲೂಗಡ್ಡೆಗೂ ಜಾಗವಿದೆ. ಎಥೆನಾಲ್ ಮಾಡಲು ಬೇಕಾದ ಪಿಷ್ಟ ಗೆಣಸಿನಲ್ಲೂ ತುಂಬಿದೆ ಅಲ್ವಾ? ಎಥೆನಾಲ್ ಘಟಕಗಳು ಮಾರಾಟವಾಗದ ಗೆಣಸನ್ನೂ ಕೊಳ್ಳುವಂತೆ ಸರ್ಕಾರ ದರ ಗೊತ್ತು ಮಾಡಲಿ.

– ಗೆಣಸು ಬೆಳೆಗಾರ, ಬೆಳಗಾವಿ ತಾಲ್ಲೂಕು